ಥ್ರಪ್ಪರು ಕಾಯ್ದ ಅರೆಬೆಳಕು

ನಾನು ಕಂಡ ಹತ್ತೊಂಬತ್ತು ವರ್ಷಗಳಲ್ಲಿ ಕ್ಲಿಫರ್ಡ್ ಥ್ರಪ್ಪರು ಒಮ್ಮೆಯಾದರೂ ಆ ಮನೆಯ ಮೆಟ್ಟಿಲಿನ ನಡುಮಧ್ಯೆ ಕಾಲಿಟ್ಟವರಲ್ಲ. ಇನ್ನೂರೈವತ್ತು ವರ್ಷಗಳ ಪಾದಸ್ಪರ್ಶಕ್ಕೆ ಓಕ್ ಮರ ನಡುವೆ ಸವೆದು ತಗ್ಗಾಗಿದೆಯೆಂದು ಅವರು ಗೋಡೆಯಂಚನ್ನೇ ಹಿಡಿದು, ಆದರೆ ಗೋಡೆಗೂ ಭುಜ ತಾಗಿಸದೆ, ಒಂದೊಂದು ಹೆಜ್ಜೆಯನ್ನೂ ಅಪ್ಪಣೆ ಕೇಳಿ ಇಡುವವರಂತೆ ಏರುತ್ತಿದ್ದರು. ಈ ರೂಢಿ ಬೀದಿಗೂ ಅಂಟಿಕೊಂಡಿತ್ತು. ಬೇಕರಿಯ ಹೆಂಗಸು, "ರಸ್ತೆ ಸವೆಯಲ್ಲ ಕಣಯ್ಯಾ ಥ್ರಪ್, ನಡುವೆ ಬಾ," ಎಂದು ಛೇಡಿಸಿದರೆ ಟೋಪಿಯನ್ನೊಮ್ಮೆ ಎತ್ತಿ, ಅಂಚಿನಲ್ಲೇ ಮುಂದೆ ಸಾಗುತ್ತಿದ್ದರು.

ಉಣ್ಣೆ ವ್ಯಾಪಾರಿಯೊಬ್ಬ ಕಟ್ಟಿಸಿದ ಆ ಮೂರಂತಸ್ತಿನ ಇಟ್ಟಿಗೆ ಮನೆ ಈಗ ನಮ್ಮ ಊರಿನ ಚಿತ್ರಶಾಲೆ. ಬಾಗಿಲಲ್ಲಿ ಚೀಟಿ ಹರಿಯುವುದು ನನ್ನ ಕೆಲಸ, ಮಹಡಿಯ ದಿವಾನಖಾನೆ ಕಾಯುವುದು ಅವರದು. ಇಲಿಬಣ್ಣದ ಕಾರ್ಡುರಾಯ್ ಕೋಟೊಂದೇ ಅವರಿಗೆ ಸರ್ವಋತುವಿನ ಉಡುಪು. ಅದರ ಹಿತ್ತಾಳೆ ಗುಂಡಿಗಳು ಎಲ್ಲಿ ಚೌಕಟ್ಟಿಗೆ ಗೀರುತ್ತವೋ ಎಂದು ಕಿತ್ತುಹಾಕಿ, ತಾವೇ ಬಟ್ಟೆಯ ಗುಂಡಿ ಹೊಲಿದುಕೊಂಡಿದ್ದರು. ಚೀಸ್ ಮತ್ತು ಉಪ್ಪಿನಕಾಯಿಯ ಸ್ಯಾಂಡ್‌ವಿಚ್ಚನ್ನು ಹಿತ್ತಿಲ ಮೆಟ್ಟಿಲ ಮೇಲೆ, ಮಳೆ ಬಂದರೆ ಛತ್ರಿ ಹಿಡಿದು, ತಿನ್ನುತ್ತಿದ್ದರೇ ಹೊರತು ಒಳಗೊಂದು ಚೂರು ಬೀಳಗೊಟ್ಟವರಲ್ಲ. ಒಂದು ಚೂರು ಬಿದ್ದರೆ ಹುಳು, ಹುಳು ಬಂದರೆ ಚಿತ್ರದ ಕಾಗದ ಹೋಯಿತು ಎನ್ನುವುದು ಅವರ ವೇದಾಂತ.

ಆ ಕೋಣೆಯ ಕಿಟಕಿಗಳಿಗೆ ಮರದ ಕದಗಳಿವೆ. ಜಲವರ್ಣದ ಚಿತ್ರಗಳಿಗೆ ಬಿಸಿಲೇ ಶತ್ರುವಾದ್ದರಿಂದ ಕದಗಳನ್ನು ಎರಡು ಬೆರಳಿನಷ್ಟು ಮಾತ್ರ ತೆರೆದಿಡುವುದು ಮನೆಯ ಕಟ್ಟಳೆ. ಹೊರಗಿನ ಬೆಳಕಿನಿಂದ ಬಂದವರಿಗೆ ಮೊದಲು ಏನೂ ಕಾಣದು; ಥ್ರಪ್ಪರು ಎಲ್ಲರನ್ನೂ ಹೊಸಿಲಲ್ಲೇ ತಡೆದು, "ನಿಲ್ಲಿ, ಕಣ್ಣು ಹೊಂದಿಕೊಳ್ಳಲಿ," ಎನ್ನುತ್ತಿದ್ದರು. ಕ್ರಮೇಣ ಆ ಮಬ್ಬಿನೊಳಗಿಂದ ಒಂದು ನದಿ, ಸಂಜೆಯ ದಡ, ಮೌನವಾಗಿ ಕುಳಿತ ಐದಾರು ಜನರನ್ನು ದಾಟಿಸುತ್ತಿರುವ ಒಂದು ದೋಣಿ ನಿಧಾನವಾಗಿ ಮೇಲೆದ್ದು ಬರುತ್ತಿತ್ತು. ವ್ಯಾಪಾರಿಯ ಅವಿವಾಹಿತ ಮಗಳು ಬರೆದ ಚಿತ್ರವದು. "ದೋಣಿಯ ಕೊನೇಲಿ ಕೂತವಳ ಕೆಂಪು ಶಾಲು ನೋಡಿದ್ರಾ?" ಎಂದು ಅವರು ಮೆಲ್ಲಗೆ ಕೇಳುವರು, ಬಂದವರು ಅಷ್ಟೇ ಮೆಲ್ಲಗೆ ಹೌದೆನ್ನುವರು. ನಾನೂ ಹೌದೆಂದವಳೇ.

ಕಳೆದ ವರ್ಷ ಅವರ ಕಣ್ಣುಗಳು ಸೋಲತೊಡಗಿದವು. ಬಿಸಿಲಿದ್ದರೆ ಇನ್ನೊಂದಿಷ್ಟು ಕಾಲ ಕಂಡೀತು, ಮಬ್ಬಿನಲ್ಲಿ ಇನ್ನು ಕಾಣದು ಎಂದುಬಿಟ್ಟರು ವೈದ್ಯರು. ಬದುಕೆಲ್ಲ ಮಬ್ಬನ್ನೇ ಕಾಯ್ದ ಮನುಷ್ಯನಿಗೆ ಎಂಥ ತೀರ್ಪು ನೋಡಿ! ಅವರು ಆಸ್ಪತ್ರೆಗೆ ಹೋದ ದಿನ ಕೋಣೆ ಕಾಯುವ ಸರದಿ ನನಗೆ ಬಂತು. ಮಧ್ಯಾಹ್ನವೆಲ್ಲ ಆ ಚಿತ್ರದ ಮುಂದೆಯೇ ಕುಳಿತೆ. ಕಣ್ಣು ಪೂರ್ತಿ ಹೊಂದಿಕೊಂಡ ಮೇಲೆ ಕಂಡಿತು: ದೋಣಿಯ ಕೊನೆಯಲ್ಲಿ ಹೆಂಗಸು ಇದ್ದಳು, ಶಾಲು ಕಾಗದದಷ್ಟೇ ಬಿಳಿಯಾಗಿತ್ತು. ಒಣಗಿದ ಹುಳುವನ್ನು ಅರೆದು ಮಾಡುತ್ತಿದ್ದ ಆ ಕಾಲದ ಕೆಂಪು ಬಣ್ಣ ಬೆಳಕಿಗೆ ನಿಲ್ಲುವಂಥದಲ್ಲ. ಪಾಪ, ಯಾವುದಕ್ಕಾಗಿ ಇವರು ಜನ್ಮವಿಡೀ ಕತ್ತಲಲ್ಲಿ ಕುಳಿತರೋ ಅದು ಎಂದೋ ಹಾರಿಹೋಗಿದೆ, ಇವರಿಗೆ ಗೊತ್ತಿಲ್ಲ ಎಂದು ಸಂಕಟಪಟ್ಟೆ, ಯಾರಿಗೂ ಹೇಳಲಿಲ್ಲ.

ಚಳಿಗಾಲಕ್ಕೆ ಮನೆ ಮುಚ್ಚುವ ಅಕ್ಟೋಬರಿನ ಕೊನೆಯ ಭಾನುವಾರವೇ ಅವರ ಕೆಲಸದ ಕೊನೆಯ ದಿನವೂ ಆಯಿತು. ಬಂದವರೆಲ್ಲ ಹೋದ ಮೇಲೆ, ಬೀದಿಯಾಚೆಯ ಛಾವಣಿಗಳ ಮೇಲೆ ಹೊಂಬಿಸಿಲು ಇನ್ನೂ ಉಳಿದಿರುವಾಗ, ಚಿತ್ರಶಾಲೆಯ ಮುಖ್ಯಸ್ಥೆ ಇಮೊಜೆನ್ ನಾವಿಬ್ಬರಿದ್ದ ಮಹಡಿಗೆ ಬಂದು, ಹತ್ತು ನಿಮಿಷ ಕದ ಪೂರ್ತಿ ತೆರೆಯುತ್ತೇನೆ, ನಿಮ್ಮ ಚಿತ್ರವನ್ನು ಒಮ್ಮೆ ಕಣ್ತುಂಬ ನೋಡಿ ಹೋಗಿ ಎಂದಳು. ಅಕ್ಕರೆಯ ಮಾತೇ. ನನಗೋ ಬೇರೆಯೇ ಭಯ. ಈ ಬೆಳಕಿನಲ್ಲಿ ಅವರು ಶಾಲು ಹುಡುಕುತ್ತಾರೆ.

ಥ್ರಪ್ಪರು ಹತ್ತು ನಿಮಿಷದ ಬಿಸಿಲೆಂದರೆ ಎಷ್ಟು ದಿನದ ಮಬ್ಬಿಗೆ ಸಮ ಎಂದು ಕೇಳಿದರು. ನಾಲ್ಕು ದಿನ ಇರಬಹುದು ಎಂದಳು ಇಮೊಜೆನ್.

"ಬೇಡ ಬಿಡಿ. ಅದು ಇನ್ನೂ ಬರದೇ ಇರೋರ ಪಾಲು."

ಅವಳು ಎಷ್ಟು ಬಲವಂತ ಮಾಡಿದರೂ ಒಪ್ಪಲಿಲ್ಲ. ಕೊನೆಗೆ ಕಣ್ಣೊರೆಸಿಕೊಂಡು, ಚಹಾಕ್ಕೆ ನೀರಿಡುತ್ತೇನೆಂದು ಕೆಳಗಿಳಿದಳು. ನನಗೆ ಹೋದ ಜೀವ ಬಂದಂತಾಯಿತು. ಆಗ ಥ್ರಪ್ಪರು ನನ್ನತ್ತ ತಿರುಗಿ, ಚಿತ್ರದಲ್ಲಿ ಏನೇನು ಕಾಣುತ್ತದೆ ಹೇಳು ಎಂದರು. ನದಿ ಹೇಳಿದೆ, ದಡ ಹೇಳಿದೆ, ದೋಣಿ ಹೇಳಿದೆ. ಮತ್ತೆ ಕೆಂಪು ಶಾಲು ಎಂದೆ.

ಅವರು ನಕ್ಕರು. "ಸುಳ್ಳು ಹೇಳೋಕೆ ನಿನಗೆ ಬರಲ್ಲ ಕಣಮ್ಮಾ. ಶಾಲು ಹೋಗಿ ಇಪ್ಪತ್ತಾರು ವರ್ಷ ಆಯ್ತು."

ಆ ಜುಲೈಯಲ್ಲಿ ಛಾವಣಿಯ ದುರಸ್ತಿಗೆಂದು ಮನೆ ಮುಚ್ಚಿತ್ತಂತೆ. ಕೋಣೆ ಗುಡಿಸಲು ಅವರು ಕದಗಳನ್ನೆಲ್ಲ ತೆರೆದಿದ್ದ ಹೊತ್ತಿಗೆ ಆಸ್ಪತ್ರೆಯಿಂದ ಫೋನು ಬಂತು. ಹೆಂಡತಿ ಮಾಡ್‌ಗೆ ಕಾಯಿಲೆ ಜೋರಾಗಿದೆ ಎಂದರು. ಮೆಟ್ಟಿಲ ನಡುವೆಯೇ ಧಡಧಡ ಇಳಿದು ಓಡಿದರು. ಅವಳನ್ನು ಮಣ್ಣು ಮಾಡಿ ಮರಳಿ ಬರುವಷ್ಟರಲ್ಲಿ ಒಂಬತ್ತು ದಿನ ಕಳೆದಿತ್ತು, ಒಂಬತ್ತು ದಿನವೂ ತೆರೆದೇ ಉಳಿದ ಕದಗಳಿಂದ ಸುಡುಬಿಸಿಲು ಒಳಗೆ ಬಿದ್ದಿತ್ತು.

"ನನ್ನ ಪಾಲಿನ ಬೆಳಕು ಆವಾಗಲೇ ಮುಗೀತು," ಎಂದರು. "ಬಂದೋರು ಹೌದು ಹೌದು ಅಂತಿದ್ರಲ್ಲ, ಹಾಗೆ ಅಂದಾಗೆಲ್ಲ ಅದು ಇನ್ನೂ ಅಲ್ಲೇ ಇದೆ ಅನ್ನಿಸ್ತಿತ್ತು," ಎಂದರು. ಆಮೇಲೆ ಕೈಯಿಂದ ತಡಕಿ ಕದವನ್ನು ಮುಚ್ಚಿ, ಗೋಡೆಯಂಚು ಹಿಡಿದು ಕೆಳಗಿಳಿದರು. ನಾನೂ ಅವರ ಹಿಂದೆ ಅಂಚಿನಲ್ಲೇ ಇಳಿದೆ.

ಕಣ್ಣಲ್ಲಿ ಕಣ್ಣಿಟ್ಟು ಕಾಯುವವರನ್ನು ಕಂಡರೆ ನಾವು, ಇವರು ಏನನ್ನೂ ಎಂದೂ ಕೈಬಿಟ್ಟವರಲ್ಲ ಎಂದುಕೊಳ್ಳುತ್ತೇವೆ. ಹಾಗಲ್ಲ. ಒಮ್ಮೆ, ಒಂದೇ ಒಮ್ಮೆ, ಇನ್ನೂ ದೊಡ್ಡದೊಂದರ ಹಿಂದೆ ಓಡಿ, ಕಾಯಬೇಕಾದ್ದನ್ನು ಮರೆತವರೇ ಆಮೇಲೆ ಉಳಿದದ್ದನ್ನು ಹಾಗೆ ಕಾಯುತ್ತಾರೆ. ಮತ್ತು ಉಳಿಯದೆ ಹೋದದ್ದನ್ನು ಬಾಯಿಂದ ಬಾಯಿಗೆ ದಾಟಿಸುತ್ತ ಇರುತ್ತಾರೆ. ಏಪ್ರಿಲ್ಲಿನಿಂದ ಆ ಕೋಣೆ ನನ್ನ ಪಾಲಿಗೆ ಬಂದಿದೆ. ಹೊಸಿಲಲ್ಲಿ ಎಲ್ಲರನ್ನೂ ನಿಲ್ಲಿಸಿ, ಕಣ್ಣು ಹೊಂದಿಕೊಂಡ ಮೇಲೆ ಶಾಲಿನ ಮಾತು ಕೇಳುತ್ತೇನೆ, ಇಲ್ಲ ಎಂದವರು ಇನ್ನೂ ಒಬ್ಬರೂ ಬಂದಿಲ್ಲ.