ಹಳ್ಳದ ಆಚೆಯ ಒರಳು

ಕೂಡು... ಕೂಡುಬುತ್ತಿ? ಕೂಡುಗುತ್ತಿ? ಅಂಥದೇನೋ ಒಂದು ಮಾತು. ಮುಳ್ಳಕ್ಕನ ತವರಿನಲ್ಲಿ ಅದು ದಿನಬಳಕೆಯ ಮಾತಾಗಿತ್ತು. ಮದುವೆಯಾಗಿ ಏಳು ಗುಡ್ಡ ದಾಟಿ ಬಂದ ಮೇಲೆ, ಆಡುವ ಇನ್ನೊಂದು ಬಾಯಿ ಸಿಗದೆ, ನಾಲಿಗೆಯ ಮೇಲೇ ಅರ್ಧ ಸವೆದುಹೋಗಿತ್ತು. ಮಾತು ಸವೆದರೂ ಪದ್ಧತಿ ಸವೆದಿರಲಿಲ್ಲ. ಯಾರಿಗೆ ಏನೇ ಸಿಗಲಿ, ಗೆಣಸಾಗಲಿ, ಉದುರಿದ ಹಣ್ಣಾಗಲಿ, ತಂದು ಎಲ್ಲರ ನಡುವೆ ಸುರಿಯಬೇಕು, ಕಲಸಬೇಕು, ಸಮನಾಗಿ ಹಂಚಿಕೊಳ್ಳಬೇಕು. ಒಬ್ಬರೇ ತಿಂದ ತುತ್ತು ಗಂಟಲಲ್ಲಿ ಮುಳ್ಳಾಗುತ್ತದೆ ಎಂದು ಅವಳ ತಾಯಿ ಹೇಳುತ್ತಿದ್ದಳು. ಮುಳ್ಳುಹಂದಿಗಳಿಗೆ ಮುಳ್ಳಿನ ವಿಚಾರ ಗೊತ್ತಿರುತ್ತದೆ.

ಅವಳು ಬಂದು ಸೇರಿದ ಊರಿನಲ್ಲಿ ಎಲ್ಲ ಬಗೆಯ ಪ್ರಾಣಿ ಪಕ್ಷಿಗಳೂ ಇದ್ದವು. ನವಿಲು ಅಲ್ಲಿಯ ಗೌಡ. ಊರು ಬಲು ಅಚ್ಚುಕಟ್ಟು. ಆ ಅಚ್ಚುಕಟ್ಟಿನೊಳಕ್ಕೆ ಒಂದು ಕಾಲದಲ್ಲಿ ವೇಷಗಾರ ಬಂದ. ವೇಷಗಾರ ಎಂದರೆ ಕಣ್ಣಿಗೆ ಕಾಣದ ಒಂದು ಕ್ರಿಮಿ. ಮೈಯೊಳಗೆ ಹೊಕ್ಕನೆಂದರೆ ಆ ಮೈಯ ಕಾವಲುಗಾರರ ಮನೆಯಲ್ಲೇ ಬಿಡಾರ ಹೂಡುತ್ತಿದ್ದ. ಅವರದೇ ಒಲೆ, ಅವರದೇ ಹಿಟ್ಟು ಬಳಸಿ ತನ್ನಂಥವರನ್ನೇ ಸಾವಿರಗಟ್ಟಲೆ ಮಾಡಿಡುತ್ತಿದ್ದ. ಹಿಡಿಯಲು ಹೋದರೆ ವೇಷ ಬದಲಿಸುತ್ತಿದ್ದ. ರಕ್ತದಿಂದ ರಕ್ತಕ್ಕೆ, ಗಂಡುಹೆಣ್ಣಿನ ಕೂಟದಿಂದ, ತಾಯಿಯಿಂದ ಮರಿಗೆ ಅವನು ದಾಟುತ್ತಿದ್ದನೇ ಹೊರತು ಮುಟ್ಟಿದ್ದಕ್ಕೆ, ಜತೆಯಲ್ಲಿ ಉಂಡದ್ದಕ್ಕೆ ದಾಟುತ್ತಿರಲಿಲ್ಲ. ಆದರೆ ಅಷ್ಟೆಲ್ಲ ಕೇಳಿಸಿಕೊಳ್ಳುವ ವ್ಯವಧಾನ ಊರಿಗೆ ಇರಲಿಲ್ಲ. ವೇಷಗಾರ ಹತ್ತಿದವರನ್ನೆಲ್ಲ ಹಳ್ಳದ ಆಚೆಗೆ ಕಳಿಸಿದರು; ಮುಳ್ಳಕ್ಕನೂ ಅವರಲ್ಲಿ ಒಬ್ಬಳು. ಹಳ್ಳಕ್ಕೆ ಅಡ್ಡ ಬಿದ್ದಿದ್ದ ಒಂದು ಮರದ ತೊಲೆಯೇ ಸೇತುವೆ.

"ನೋಡು ಮುಳ್ಳಕ್ಕ, ಇನ್ನು ಮುಂದೆ ನಿನ್ನನ್ನು ಯಾರೂ ಮುಟ್ಟುವ ಹಾಗಿಲ್ಲ" ಎಂದ ನವಿಲುಗೌಡ.

"ಇಷ್ಟು ದಿನ ಯಾರು ಮುಟ್ಟುತ್ತಿದ್ದರು ಗೌಡರೇ?" ಎಂದು ಮುಳ್ಳಕ್ಕ ಮೈ ಝಾಡಿಸಿದಳು. ಗೌಡ ನಾಲ್ಕು ಹೆಜ್ಜೆ ಹಿಂದೆ ಸರಿದ.

ಅವಳ ಗಂಡನಿಗೆ ವೇಷಗಾರ ಹತ್ತಿರಲಿಲ್ಲ. ಆದರೂ ಅವನು ಹೆಂಡತಿಯ ಹಿಂದೆಯೇ ತೊಲೆ ದಾಟಿದ. "ಇಷ್ಟು ಮುಳ್ಳಿಗೆ ಹೊಂದಿಕೊಂಡವನು ಇದೊಂದಕ್ಕೆ ಹೊಂದಿಕೊಳ್ಳಲಾರೆನೇ?" ಎಂದ.

ಹಳ್ಳದ ಆಚೆ ಒಂದು ದೊಡ್ಡ ಬಂಡೆ, ಅದರ ನಡುವೆ ಒರಳಿನಂಥ ಗುಳಿ. ಮುಳ್ಳಕ್ಕ ಮೊದಲ ದಿನವೇ ತನ್ನ ಪಾಲಿನ ಗೆಣಸನ್ನು ಅದರಲ್ಲಿ ಸುರಿದು ಎಲ್ಲರನ್ನೂ ಕರೆದಳು. ಮುಂಗುಸಿ ಭಾವ ಮೂಗು ಮುರಿದ. "ನಾನು ಹಾವು ತಿನ್ನುವ ವಂಶದವನು, ಗೆಣಸಿನ ಜತೆ ಕಲಸಿದರೆ ಜಾತಿ ಕೆಡುತ್ತದೆ" ಎಂದ. ಆದರೆ ಹಸಿವು ಹೆಚ್ಚಾದಾಗ ಎಲ್ಲರಿಗಿಂತ ಮೊದಲು ಬಂಡೆಯ ಬಳಿ ಬಂದು ಕೂತವನೂ ಅವನೇ. ಕ್ರಮೇಣ ಒರಳಿನ ಸುತ್ತ ಹರಟೆ, ಹಾಡು, ಜಗಳ ಎಲ್ಲವೂ ಬೆಳೆದವು.

ಮುಳ್ಳಕ್ಕನಿಗೆ ಒಂದೇ ಕೊರತೆ. ಅವಳಿಗೆ ಮರಿ ಬೇಕಿತ್ತು. ಊರಿನ ವೈದ್ಯನಾದ ಗೂಬೆ ಪಂಡಿತ ಒಬ್ಬನೇ ಹೆದರದೆ ಹಳ್ಳ ದಾಟಿ ಬರುತ್ತಿದ್ದ. ಎಲೆಯ ಮೇಲಿಟ್ಟ ಒಂದು ಹನಿ ರಕ್ತವನ್ನು ದಿಟ್ಟಿಸಿದರೆ ಒಳಗಿನ ವೇಷಗಾರರು ಅವನ ಕಣ್ಣಿಗೆ ಕಾಣುತ್ತಿದ್ದರು. ಹನಿ ತೆಗೆಯಲು ಮುಳ್ಳಕ್ಕನ ಮುಳ್ಳೇ ಆಗುತ್ತಿತ್ತು. ಒಬ್ಬರಿಗೆ ಚುಚ್ಚಿದ್ದು ಇನ್ನೊಬ್ಬರಿಗೆ ಇಲ್ಲ, ಅದು ಪಂಡಿತನ ಕಟ್ಟುನಿಟ್ಟು.

"ತಡಿ ತಾಯಿ" ಎನ್ನುತ್ತಿದ್ದ ಅವನು. "ಕಹಿಬೇರಿನ ಕಷಾಯಕ್ಕೆ ವೇಷಗಾರ ಹೆದರುತ್ತಾನೆ, ಸರಿ. ಆದರೆ ಈಚೆಗೆ ಅದನ್ನೂ ಏಮಾರಿಸುವ ವೇಷ ಕಲಿತಿದ್ದಾನೆ. ನನ್ನ ಕಣ್ಣಿಗೆ ಅವನು ಕಾಣದಷ್ಟು ಕುಗ್ಗಿದ ದಿನ ನೀನು ಮರಿ ಮಾಡು. ಮರಿಗೂ ಭಯವಿಲ್ಲ, ಗಂಡನಿಗೂ ಭಯವಿಲ್ಲ."

ಒಂದು ದಿನ ಪಂಡಿತ ರೆಕ್ಕೆ ಬಡಿಯುತ್ತ ಬಂದ. ಊರ ಕಡೆಯ ಬೆಟ್ಟದಲ್ಲಿ ಒಂದು ಬಳ್ಳಿ ಸಿಕ್ಕಿತ್ತು. ಅದರ ರಸ ವೇಷಗಾರನ ವೇಷದ ಪೆಟ್ಟಿಗೆಗೇ ಬೀಗ ಹಾಕಬಹುದು ಎಂದು ಅವನ ಊಹೆ. ಊಹೆಯನ್ನು ಪರೀಕ್ಷೆ ಮಾಡಬೇಕಿತ್ತು. ಕಹಿಬೇರನ್ನು ಎಲ್ಲರೂ ಕುಡಿಯುತ್ತಲೇ ಇರಬೇಕು. ಅದರ ಮೇಲೆ ಅರ್ಧ ಜನಕ್ಕೆ ಬಳ್ಳಿಯ ರಸ, ಇನ್ನರ್ಧ ಜನಕ್ಕೆ ಅದೇ ಬಣ್ಣದ, ಅದೇ ರುಚಿಯ ಬರಿ ನೀರು. ಯಾರ ಸೋರೆಬುರುಡೆಯಲ್ಲಿ ಏನಿದೆ ಎಂಬುದು ತುಂಬಿಕೊಡುವ ಆಮೆಯಜ್ಜನಿಗೆ ಮಾತ್ರ ಗೊತ್ತು.

"ನಿಮಗೂ ಗೊತ್ತಿರಲ್ಲವೇ ಪಂಡಿತರೇ?" ಮುಂಗುಸಿ ಕೇಳಿದ.

"ಇಲ್ಲಪ್ಪ. ಹೊಸ ಮದ್ದು ಎಂದರೆ ಸಾಕು, ಕುಡಿದವನಿಗೆ ಅರ್ಧ ವಾಸಿಯಾದ ಹಾಗೆ ಅನ್ನಿಸುತ್ತದೆ. ಕಂಡುಹಿಡಿದವನಿಗೆ ಪೂರ್ತಿ ವಾಸಿಯಾದ ಹಾಗೆ ಅನ್ನಿಸುತ್ತದೆ. ಅದಕ್ಕೇ ನನ್ನ ಕಣ್ಣನ್ನು ನಾನೇ ಕಟ್ಟಿಕೊಂಡಿದ್ದೇನೆ. ಇಷ್ಟವಿದ್ದವರು ಬನ್ನಿ, ಇಲ್ಲದವರಿಗೆ ಬಲವಂತವಿಲ್ಲ, ನಡುವೆ ಬಿಟ್ಟು ಹೋದರೂ ಕೋಪವಿಲ್ಲ."

ನವಿಲುಗೌಡ ಊರ ಕಡೆಯ ದಡದಿಂದಲೇ ಕೂಗಿ ಹೇಳಿದ. "ಈ ಮಳೆಗಾಲ ಮುಗಿಯುವುದರೊಳಗೆ ಮದ್ದು ಸಾಬೀತಾಗಬೇಕು. ಆಗದಿದ್ದರೆ ತೊಲೆ ಎಳೆಸುತ್ತೇನೆ." ತೊಲೆ ಹೋದರೆ ಬಳ್ಳಿಯೂ ಇಲ್ಲ, ಕಹಿಬೇರೂ ಇಲ್ಲ, ಎರಡೂ ಬೆಳೆಯುತ್ತಿದ್ದುದು ಊರ ಕಡೆ. ಮುಳ್ಳಕ್ಕನ ಮರಿಯ ಆಸೆ ಆ ತೊಲೆಯ ಮೇಲೆ ನಿಂತಿತ್ತು.

ಎಲ್ಲರೂ ಒಪ್ಪಿದರು. ಬುರುಡೆಗಳು ಬಂದವು. ಮುಳ್ಳಕ್ಕ ತನ್ನದನ್ನು ಬಾಯಿಗೆ ಹಚ್ಚಿದವಳು ಪಕ್ಕದಲ್ಲಿದ್ದ ಮೊಲದ ಹುಡುಗಿಯ ಮುಖ ನೋಡಿ ಕೆಳಗಿಟ್ಟಳು. "ನನ್ನದರಲ್ಲಿ ರಸವಿದ್ದು ಈ ಕೂಸಿನದರಲ್ಲಿ ನೀರಿದ್ದರೆ? ನನ್ನ ಗಂಟಲಲ್ಲಿ ಇಳಿಯುವುದಿಲ್ಲಪ್ಪ."

"ಇಳಿಯದಿದ್ದರೆ ನನಗೆ ಕೊಡು" ಎಂದ ಮುಂಗುಸಿ. ಆಮೇಲೆ ಅವನೂ ತನ್ನ ಬುರುಡೆ ಕೆಳಗಿಟ್ಟ. ಯಾರು ಮೊದಲು ಸುರಿದರೋ ತಿಳಿಯದು, ಎಲ್ಲ ಬುರುಡೆಗಳೂ ಒರಳಿಗೆ ಖಾಲಿಯಾದವು. ಕಲಸಿ, ಸಮನಾಗಿ ಹಂಚಿ, ಹಾಡು ಹೇಳುತ್ತ ಕುಡಿದರು. ಬುರುಡೆ ಬಂದಾಗಲೆಲ್ಲ ಹೀಗೆಯೇ ಮಾಡಿದರು. ಪಂಡಿತನಿಗೆ ಹೇಳಲಿಲ್ಲ. ಊಟದ ಪದ್ಧತಿಯನ್ನು ಯಾರಾದರೂ ವೈದ್ಯರಿಗೆ ಹೇಳುತ್ತಾರೆಯೇ?

ಮಳೆ ಹಿಂದೆಗೆಯಿತು. ಪಂಡಿತ ಎಲ್ಲರ ಹನಿಯನ್ನೂ ನೋಡಿದ. ಆಮೆಯಜ್ಜ ತಲೆಯನ್ನು ಚಿಪ್ಪಿನಿಂದ ಹೊರಗೆ ಚಾಚಿ ಯಾರಿಗೆ ರಸ, ಯಾರಿಗೆ ನೀರು ಎಂದು ಹೇಳಿದ. ಪಂಡಿತನ ಕೊಕ್ಕು ಜೋತುಬಿತ್ತು. ರಸ ಕುಡಿದವರಿಗೂ ನೀರು ಕುಡಿದವರಿಗೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

"ಹಾಗಾದರೆ ನಿಮ್ಮ ಬಳ್ಳಿಯೂ ಒಂದೇ, ನಮ್ಮ ಹಳ್ಳದ ನೀರೂ ಒಂದೇ" ಎಂದು ನವಿಲುಗೌಡ ಗರಿ ಬಿಚ್ಚಿದ. "ಎಳೆಯಿರೋ ತೊಲೆ!"

ಮುಳ್ಳಕ್ಕ ತೊಲೆಯ ಮೇಲೆ ಹೋಗಿ ಕೂತಳು. ಮುಳ್ಳುಹಂದಿ ಕೂತ ತೊಲೆಗೆ ಕೈ ಹಾಕುವ ಧೈರ್ಯ ಯಾರಿಗೂ ಬರಲಿಲ್ಲ. ಅಲ್ಲಿ ಕೂತೇ ಅವಳು ಒರಳಿನ ಕಥೆ ಹೇಳಿದಳು.

ಪಂಡಿತ ಮೊದಲು ಕೆಂಡವಾದ. "ಅರ್ಧ ಮದ್ದು ಕುಡಿದರೆ ವೇಷಗಾರ ಅದನ್ನೂ ಏಮಾರಿಸಲು ಕಲಿಯುತ್ತಾನೆ, ಗೊತ್ತಾ ನಿನಗೆ? ನಿಮ್ಮ ಪುಣ್ಯ ದೊಡ್ಡದು, ಕಲಿತಿಲ್ಲ." ಆಮೇಲೆ ಎಲೆಗಳನ್ನು ಮತ್ತೊಮ್ಮೆ ದಿಟ್ಟಿಸಿದ. ಕಳೆದ ಬೇಸಿಗೆಗೆ ಹೋಲಿಸಿದರೆ ಎಲ್ಲರಲ್ಲೂ ವೇಷಗಾರ ಕುಗ್ಗಿದ್ದ, ಒಬ್ಬರೂ ಬಿಡದ ಹಾಗೆ. ಪಂಡಿತನ ಹೊಟ್ಟೆ ಕುಲುಕಿತು, ನಗು ಬಂದುಬಿಟ್ಟಿತು. "ಅಯ್ಯೋ, ನನ್ನ ಪರೀಕ್ಷೆಯನ್ನು ಹಂಚಿಕೊಂಡು ತಿಂದುಬಿಟ್ಟಿರಲ್ಲೇ! ಗೌಡರೇ, ಇನ್ನೊಂದು ಮಳೆಗಾಲ ಕೊಡಿ."

"ಸುಳ್ಳುಗಾರರಿಗೆ ಎರಡನೆಯ ಮಳೆಗಾಲ ಇಲ್ಲ."

"ಸರಿ. ತೊಲೆ ಎಳೆದರೆ ನಾನೂ ಮರ ಬದಲಿಸುತ್ತೇನೆ. ನಿಮ್ಮ ಊರಿನ ಬಾಣಂತನ, ಕೆಮ್ಮು, ಕಾಲುನೋವು ನೀವೇ ನೋಡಿಕೊಳ್ಳಿ."

ಗೌಡನಿಗೆ ಕಾಲುನೋವಿತ್ತು. ಮಳೆಗಾಲ ಸಿಕ್ಕಿತು.

ಆದರೆ ಈ ಸಲ ಪ್ರತಿಯೊಬ್ಬರೂ ತಮ್ಮ ಬುರುಡೆಯನ್ನು ತಾವೊಬ್ಬರೇ ಕುಡಿಯಬೇಕು ಎಂದು ಪಂಡಿತ ಹಟ ಹಿಡಿದ. ಹಳ್ಳದ ಆಚೆಯವರಿಗೆ ಇದಕ್ಕಿಂತ ಕಷ್ಟದ ಶಿಕ್ಷೆ ಇರಲಿಲ್ಲ. ಮುಳ್ಳಕ್ಕ ಪಂಡಿತನ ಎದುರು ಬಂದು ನಿಂತಳು.

"ಪಂಡಿತರೇ, ಒಂದು ಮಾತು. ಮದ್ದು ನಿಜವೆಂದು ಗೊತ್ತಾದ ದಿನ, ನೀರು ಕುಡಿದವರಿಗೆ ಮೊದಲ ಪಾಲು. ರಸ ಕುಡಿದವರು ಹೋಗಿ, ಬಳ್ಳಿ ಅರೆದು, ಹಿಂಡಿ, ಅವರಿಗೆ ಕುಡಿಸಬೇಕು. ಒರಳಿನಲ್ಲಿ ಹಂಚಲಾಗದಿದ್ದರೆ ಕಾಲದಲ್ಲಿ ಹಂಚಿಕೊಳ್ಳುತ್ತೇವೆ."

ಪಂಡಿತ ಅವಳನ್ನೇ ನೋಡಿದ. "ಇದು ನನಗೆ ಹೊಳೆಯಬೇಕಿತ್ತು" ಎಂದ.

ಆ ಮಳೆಗಾಲ ಎಲ್ಲರೂ ಒಬ್ಬೊಬ್ಬರೇ, ಮುಖ ಆಚೆ ತಿರುಗಿಸಿ, ಕಳ್ಳರ ಹಾಗೆ ಕುಡಿದರು. ಮುಂಗುಸಿಯಂತೂ ಕುಡಿದಾಗಲೆಲ್ಲ "ಕ್ಷಮಿಸಿ" ಎನ್ನುತ್ತಿದ್ದ.

ಮೋಡ ಹರಿದ ಮೇಲೆ ಪಂಡಿತ ಮುಂಗುಸಿಯ ಹನಿ ನೋಡಿದ. ಎಲೆಯನ್ನು ಈ ಕಡೆ ತಿರುಗಿಸಿದ, ಆ ಕಡೆ ತಿರುಗಿಸಿದ. "ಇಲ್ಲ" ಎಂದ. ಮೊಲದ ಹುಡುಗಿಯದು ನೋಡಿದ. "ಇಲ್ಲ!" ಆಮೇಲೆ ಮುಳ್ಳಕ್ಕನದು. ಅದರಲ್ಲಿ ವೇಷಗಾರರು ಸಂತೆ ನೆರೆದಂತೆ ನೆರೆದಿದ್ದರು. ಆಮೆಯಜ್ಜ ಹೇಳುವ ಮೊದಲೇ ಎಲ್ಲರಿಗೂ ತಿಳಿಯಿತು: ಮುಳ್ಳಕ್ಕ ಇಡೀ ಮಳೆಗಾಲ ಬರಿ ನೀರು ಕುಡಿದಿದ್ದಳು.

ಅವಳು ಎದ್ದು ನಿಂತು ಕುಣಿಯತೊಡಗಿದಳು. ಮುಳ್ಳುಹಂದಿ ಕುಣಿದರೆ ಸುತ್ತಲಿನವರು ಜಾಗ ಬಿಡಲೇಬೇಕು. "ನನ್ನದರಲ್ಲಿ ಅವರು ಕುಣಿಯದಿದ್ದರೆ ನಿಮ್ಮ ಮದ್ದು ನಿಜವೋ ಸುಳ್ಳೋ ಹೇಗೆ ಗೊತ್ತಾಗುತ್ತಿತ್ತು ಪಂಡಿತರೇ!"

ಮುಂಗುಸಿ ಆಗಲೇ ಬಳ್ಳಿ ತರಲು ಓಡಿದ್ದ. ಹಾವು ತಿನ್ನುವ ವಂಶದವನು ಒರಳಿನ ಮುಂದೆ ಕೂತು, ಬೆವರು ಸುರಿಸಿ, ಬಳ್ಳಿ ಅರೆದು ಅವಳಿಗೆ ಕುಡಿಸಿದ. "ಅವನು ಸತ್ತಿಲ್ಲ, ಮೂಲೆಯಲ್ಲಿ ಮಲಗಿದ್ದಾನೆ ಅಷ್ಟೆ. ಮದ್ದು ತಪ್ಪಿಸಬೇಡಿ" ಎಂದು ಪಂಡಿತ ಎಲ್ಲರಿಗೂ ಹೇಳಿದ. ಯಾರೂ ತಪ್ಪಿಸಲಿಲ್ಲ. ಮರುವರ್ಷ ಮುಳ್ಳಕ್ಕನಿಗೆ ಎರಡು ಮರಿ ಹುಟ್ಟಿದವು. ಪಂಡಿತ ಇಬ್ಬರ ಹನಿಯನ್ನೂ ನೋಡಿ "ಇಲ್ಲ, ಇಲ್ಲ!" ಎಂದು ಮನತುಂಬಿ ನಕ್ಕ. ಹುಟ್ಟಿದ ಹೊಸದರಲ್ಲಿ ಮುಳ್ಳುಹಂದಿ ಮರಿಯ ಮುಳ್ಳು ಮೆತ್ತಗಿರುತ್ತದೆ. ಅಂದು ಇಡೀ ಬಿಡಾರ ಸರದಿಯ ಮೇಲೆ ಮರಿಗಳನ್ನು ಎತ್ತಿ ಮುದ್ದಾಡಿತು.

ಇನ್ನು ನೀವು ಊರಿಗೆ ಬರಬಹುದು ಎಂದು ಗೌಡ ಡಂಗುರ ಹೊಡೆಸಿದ. ಒರಳುಬಂಡೆಯನ್ನು ಹೊತ್ತು ತರುವವರು ಯಾರು ಎಂದು ಇವರು ಕೇಳಿದರು. ಹೊರಲು ಊರಿನಿಂದ ಯಾರೂ ಬರಲಿಲ್ಲ. ಹೀಗಾಗಿ ಇವರು ಅಲ್ಲಿಯೇ ಉಳಿದು, ಮನಸ್ಸು ಬಂದಾಗ ಹೋಗಿ ಬಂದು ಮಾಡಿದರು. ಗೂಬೆ ಪಂಡಿತ ತನ್ನ ಮದ್ದಿನ ಬಿಡಾರವನ್ನೂ ಆ ಕಡೆಗೇ ಸಾಗಿಸಿದ.

ಮುಳ್ಳಕ್ಕನಿಗೆ ಮೊಮ್ಮಕ್ಕಳಾದವು. ಹನಿ ನೋಡಿಸಿಕೊಳ್ಳಲು ಬಂದವರನ್ನು ಕೂರಿಸಿ ಮಾತಾಡಿಸುವ ಕೆಲಸ ಈಗ ಅವಳದು. ಊರಿನವರು ತಮ್ಮ ರಕ್ತ ಚೊಕ್ಕಟವೆಂದು ನಂಬಿ ಒಂದು ಹನಿಯನ್ನೂ ಎಂದೂ ತೋರಿಸಿದವರಲ್ಲ. ಆದರೆ ಒಂದು ಮುಂಜಾನೆ ತೊಲೆಯ ಮೇಲೆ ಸಾಲು ಕಂಡಿತು. ಕೆಲವರು ಕೆಮ್ಮುತ್ತಿದ್ದರು, ಕೆಲವರು ನೆಲ ನೋಡುತ್ತಿದ್ದರು. ಸಾಲಿನ ಕೊನೆಯಲ್ಲಿ ಬಾಳೆಲೆ ಹೊದ್ದ ಒಂದು ಮುದಿಹಕ್ಕಿ ಕುಂಟುತ್ತ ಬರುತ್ತಿತ್ತು. ಎಲೆ ಚಿಕ್ಕದು, ಬಾಲ ದೊಡ್ಡದು. ಹಿಂದೆ ಒಂದು ಮಾರು ನೀಲಿಗರಿ ನೆಲ ಗುಡಿಸುತ್ತಿತ್ತು.

ಮೊಮ್ಮಗಳು ಬಂದವರ ಹೆಸರು ಬರೆಯಲು ಮುತ್ತುಗದ ಎಲೆ, ಮೊನಚು ಉಗುರು ಸಿದ್ಧ ಮಾಡಿಕೊಂಡು ಕೂತಿದ್ದಳು. "ಅಜ್ಜಿ, ಇವರ ಹೆಸರು?"

ಮುದಿಹಕ್ಕಿ ಬಾಳೆಲೆಯನ್ನು ಮುಖಕ್ಕೆ ಎಳೆದುಕೊಂಡಿತು. "ಹೆಸರು... ಹೆಸರು ಬೇಕೇ ಬೇಕಾ ತಾಯಿ?"

"ಬೇಡ ಬಿಡಿ" ಎಂದು ಮುಳ್ಳಕ್ಕ ಅವನ ಕಡೆಗೆ ಮಣೆ ಸರಿಸಿದಳು. ಒರಳಿನಿಂದ ಒಂದು ಹಿಡಿ ಗೆಣಸು ತೆಗೆದು ಅವನ ಮುಂದಿಟ್ಟಳು. ಆಮೇಲೆ ಮೊಮ್ಮಗಳ ಕಡೆ ತಿರುಗಿ ಹೇಳಿದಳು:

"ನಮ್ಮವರು ಅಂತ ಬರಿ, ಕೂಸೇ."