ಎಳೆ ಬಿಟ್ಟ ನೊಣ

ನನ್ನ ಹೊಲಿಗೆ ಅಂಗಡಿಯಿಂದ ಒಂದೇ ಒಂದು ಎಳೆ ದಾರ ನೇತಾಡುವ ಬಟ್ಟೆ ಹೊರಗೆ ಹೋದದ್ದನ್ನು ಯಾರಾದರೂ ತೋರಿಸಲಿ, ಅವತ್ತೇ ಕತ್ತರಿ ಕೆಳಗಿಡುತ್ತೇನೆ. ಜಂಬ ಅನ್ನುತ್ತೀರಾ? ಅನ್ನಿ. ಈ ಜಂಬವೇ ನಮ್ಮ ಮಾವನವರ ಗಾಳದ ಕೋಲನ್ನು ಪಕ್ಕದ ಮನೆಗೆ ಸಾಗಹಾಕುವುದರಲ್ಲಿತ್ತು.

ಮಾವ ಬಸ್ಸು ಓಡಿಸಿ ನಿವೃತ್ತರಾದವರು. ಅವರು ಮೀನು ಹಿಡಿಯುವ ರೀತಿಯಲ್ಲಿ ಎರೆಹುಳಕ್ಕೆ ಜಾಗವಿಲ್ಲ. ಪುಟ್ಟ ಕೊಕ್ಕೆಗೆ ದಾರ, ಗರಿ, ಉಣ್ಣೆ ಸುತ್ತಿ ನೊಣದ ಹಾಗೆ ಮಾಡಿ ನೀರಿನ ಮೇಲೆ ತೇಲಿಬಿಡಬೇಕು. ಮೀನು ನಿಜವೆಂದು ನಂಬಿ ಬಾಯಿ ಹಾಕಬೇಕು. ಮನೆಯಲ್ಲಿ ಅದಕ್ಕೆ ಸುಳ್ಳು ನೊಣ ಎಂದು ಹೆಸರು. ಆ ಹೊತ್ತಿಗೆ ನದಿಯ ಮೇಲೆ ಯಾವ ಹುಳ ಹಾರುತ್ತಿದೆಯೋ ಅದರ ಜೋಡಿಯನ್ನೇ ಡಬ್ಬಿಯಿಂದ ಆರಿಸಬೇಕು, ಇಲ್ಲದಿದ್ದರೆ ಮೀನು ಮೂಸಿಯೂ ನೋಡುವುದಿಲ್ಲ. ಅಂಗಡಿಯಲ್ಲಿ ಸಿಗುವ ನೊಣವೆಂದರೆ ಮಾವನಿಗೆ ಆಗದು. ಎಲ್ಲವನ್ನೂ ತಾವೇ ಕಟ್ಟುತ್ತಿದ್ದರು.

ಈ ವರ್ಷ ಕೈ ನಡುಗಲು ಶುರುವಾಯಿತು. ಹತ್ತಿರದ್ದು ಕಣ್ಣಿಗೆ ಮಂಜು. ಇದ್ದ ನೊಣಗಳೆಲ್ಲ ಎಸೆತ ತಪ್ಪಿ ಕೊಂಬೆಗೆ ಸಿಕ್ಕಿಕೊಂಡು ನದಿಯಂಚಿನ ಮರಗಳ ಪಾಲಾದವು, ಹೊಸದು ಕಟ್ಟಲಾಗಲಿಲ್ಲ. ಮಾವ ಮುಖ ಊದಿಸಿಕೊಂಡು ನನ್ನ ಅಂಗಡಿಯಲ್ಲೇ ಠಿಕಾಣಿ ಹೂಡಿದರು. ಒಬ್ಬಾಕೆಯ ಅಳತೆ ತೆಗೆಯುವಾಗ, "ಸೊಂಟದ ಹತ್ರ ಸ್ವಲ್ಪ ಜಾಸ್ತೀನೇ ಬಿಡಮ್ಮ," ಎಂದು ನನಗೆ ಹೇಳಿದ್ದು ಆಕೆಯ ಕಿವಿಗೂ ಬಿತ್ತು. ಆಕೆ ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಒಂದು ದಿನ ಪಕ್ಕದ ಮನೆಯ ಹಲ್ಲಿನ ಡಾಕ್ಟರಿಗೆ ಬಾಗಿಲಲ್ಲೇ ಹೇಳಿಬಿಟ್ಟರು: "ಭಾನುವಾರ ಸಂಜೆ ಬಂದು ಕೋಲು ತಗೊಂಡು ಹೋಗಿ. ನನ್ನ ಆಟ ಮುಗೀತು." ಡಾಕ್ಟರಿಗೆ ಆ ಕೋಲಿನ ಮೇಲೆ ಮೊದಲಿನಿಂದಲೂ ಕಣ್ಣು. ಬಾಯಿಮಾತಿಗೂ ಬೇಡ ಅನ್ನಲಿಲ್ಲ.

ನನಗೆ ಸಂಕಟವಾಯಿತು. ಅಂಗಡಿಯಲ್ಲಿ ಜಾಗ ಖಾಲಿಯಾಗಲಿ ಎಂಬ ಸ್ವಾರ್ಥ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ನದಿಯಿಂದ ಬರುವಾಗ ಮಾವ ಸಿಳ್ಳೆ ಹಾಕುತ್ತಾ ಬರುವುದು ನನಗೆ ಬಹಳ ಇಷ್ಟ. ಆ ಸಿಳ್ಳೆ ಇಲ್ಲದ ಮನೆ ನನಗೆ ಬೇಕಿರಲಿಲ್ಲ.

"ನೊಣ ನಾನು ಕಟ್ಟಿ ಕೊಡ್ತೀನಿ ಮಾವ," ಎಂದೆ.

"ಸರಿ, ಭಾನುವಾರ ಒಂದು ಸಲ ನೋಡೋಣ. ಮೀನು ಕಚ್ಚಲಿಲ್ಲ ಅಂದ್ರೆ ಕೋಲು ಕೊಟ್ಟೇ ಬಿಡ್ತೀನಿ."

ಅವರು ಹೇಳಿದರು, ನಾನು ಕಟ್ಟಿದೆ. "ಮೊದಲು ಅಳತೆ, ಆಮೇಲೆ ಆಕಾರ, ಬಣ್ಣ ಕೊನೆಗೆ." ದರ್ಜಿಗೆ ಇದನ್ನು ಹೇಳಿಕೊಡಬೇಕೇ? ಹಳೇ ಕೋಟಿನ ಉಣ್ಣೆ, ದಿಂಬಿನ ಗರಿ, ರೇಷ್ಮೆ ದಾರ ಸೇರಿಸಿ ಕಂದು, ಬೂದು, ಹಸಿರು ನೊಣಗಳನ್ನು ಕಟ್ಟಿದೆ. ಹೊರಗೆ ಚಾಚಿದ ಎಳೆಗಳನ್ನೆಲ್ಲ ಸಣ್ಣ ಕತ್ತರಿಯಿಂದ ಒಪ್ಪ ಮಾಡಿದೆ. ಮಾವ ಡಬ್ಬಿಯನ್ನು ಮಾರು ದೂರ ಹಿಡಿದು, "ಚೆನ್ನಾಗಿದೆಯಮ್ಮಾ," ಎಂದರು. ಕಂಡಿತೋ ಇಲ್ಲವೋ, ನಾನು ಕೇಳಲಿಲ್ಲ.

ಭಾನುವಾರ ಮನೆಯನ್ನು ಗಂಡನಿಗೆ ಒಪ್ಪಿಸಿ ನಾನೂ ಹೊರಟೆ. ಮಾವ ದಡದಲ್ಲಿ ಕೂತು ನೀರನ್ನೇ ನೋಡಿದರು, ಟೋಪಿ ಬೀಸಿ ಹಾರುವ ಹುಳವೊಂದನ್ನು ಹಿಡಿದು ನನ್ನ ಕರವಸ್ತ್ರಕ್ಕೆ ಹಾಕಿದರು. "ಆರಿಸು." ಬೂದು ಬಣ್ಣದ ಚಿಕ್ಕದನ್ನು ಆರಿಸಿದೆ. ಅಳತೆ, ಆಕಾರ, ಬಣ್ಣ ಮೂರೂ ಸರಿ. ಕೈ ನಡುಗಿದರೂ ಮಾವನ ಎಸೆತ ಸೊಗಸಾಗಿತ್ತು. ಮೀನು ಮೇಲೆ ಬಂತು, ನೋಡಿತು, ಹೊರಟೇಹೋಯಿತು. ಕಂದು ಹಾಕಿದೆವು. ಹಸಿರು ಹಾಕಿದೆವು. ಮತ್ತೆ ಬೂದು. ಪಕ್ಕದಲ್ಲೇ ನಿಜವಾದ ಹುಳಗಳನ್ನು ಗುಳುಂ ಮಾಡುತ್ತಿದ್ದ ಮೀನುಗಳು ನನ್ನ ನೊಣಕ್ಕೆ ಮಾತ್ರ ಜಪ್ಪಯ್ಯ ಅಂದರೂ ಬಾಯಿ ತೆರೆಯಲಿಲ್ಲ.

ಬಿಸಿಲು ಇಳಿಯಿತು. ಮಾವ ಚೀಲದಿಂದ ಬಟ್ಟೆಯ ತುಂಡು ತೆಗೆದು ಕೋಲನ್ನು ಒರೆಸತೊಡಗಿದರು, ಬೇರೆಯವರಿಗೆ ಕೊಡುವ ವಸ್ತುವನ್ನು ಒರೆಸುವ ಹಾಗೆ. ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಅಷ್ಟು ಚೆಂದದ ನೊಣಕ್ಕೆ ಏನು ರೋಗ? ಕರವಸ್ತ್ರ ಬಿಚ್ಚಿ ಆ ಹುಳದ ಪಕ್ಕ ನನ್ನದನ್ನು ಇಟ್ಟು ನೋಡಿದೆ. ಹುಳದ ಕಾಲುಗಳು ಅತ್ತಿತ್ತ ಚೆಲ್ಲಿದ್ದವು, ರೆಕ್ಕೆ ಮುದುಡಿತ್ತು. ನನ್ನದು ಇಸ್ತ್ರಿ ಹಾಕಿಸಿಕೊಂಡು ಬಂದಿತ್ತು.

"ಮಾವ, ಎಳೆಗಳನ್ನೆಲ್ಲ ನಾನು ಕತ್ತರಿಸಿಬಿಟ್ಟಿದ್ದೀನಿ."

"ಯಾವ ಎಳೆ?"

"ಹೊರಗೆ ಬಂದಿದ್ದೆಲ್ಲಾ. ನೀಟಾಗಿರಲಿ ಅಂತ."

ಮಾವ ಹಣೆ ಚಚ್ಚಿಕೊಂಡರು. "ಅಯ್ಯೋ ತಾಯಿ, ಅವೇ ಅಲ್ವೇನಮ್ಮಾ ಅದರ ಕಾಲು!" ಆಮೇಲೆ ನಗಲು ಶುರು ಮಾಡಿದರು. ಅವರು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ.

ಕಾಲರಿಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದು ನನ್ನ ಕೆಲಸವನ್ನು ನಾನೇ ಕೆದಕಿದೆ. ಉಣ್ಣೆ ಕೆದರಿತು, ಗರಿ ಸೆಟೆದು ನಿಂತಿತು, ಒಂದೆರಡು ಎಳೆ ಜೋತುಬಿದ್ದವು. ಕತ್ತರಿಸಲು ಕೈ ತುರಿಸುತ್ತಿತ್ತು. ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ.

ಮಾವ ಎಸೆದರು. ನೀರು ಬುಳಕ್ ಎಂದಿತು, ನೊಣ ಮಾಯ, ಕೋಲು ಬಾಗಿತು! ನಾನು ಕಿರುಚಿದ ರಭಸಕ್ಕೆ ಆಚೆ ದಡದ ಹಸುಗಳೂ ತಲೆ ಎತ್ತಿದವು. ಭಾರೀ ಮೀನೇನಲ್ಲ, ನನ್ನ ಅಂಗೈಯಷ್ಟಿತ್ತು. ಮಾವ ಮೆಲ್ಲಗೆ ಕೊಕ್ಕೆ ಬಿಡಿಸಿ ಅದನ್ನು ನೀರಿಗೆ ಬಿಟ್ಟರು. ಮನೆ ಸೇರುವವರೆಗೂ ಸಿಳ್ಳೆಯೋ ಸಿಳ್ಳೆ.

ಬಾಗಿಲಲ್ಲಿ ಡಾಕ್ಟರು ಕಾಯುತ್ತಿದ್ದರು. "ಮಾತು ಕೊಟ್ಟಿದ್ರಲ್ಲ," ಎಂದರು.

ನಾನು ಜಗಳಕ್ಕೆ ಬಾಯಿ ತೆರೆಯುವಷ್ಟರಲ್ಲಿ ಮಾವ ಅಂದರು: "ಕೊಟ್ಟ ಮಾತಿಗೆ ತಪ್ಪಲ್ಲ. ಕೋಲು ನಿಮ್ದೇ. ಆದ್ರೆ ಈಗ ಒದ್ದೆಯಾಗಿದೆ, ಒದ್ದೆ ಕೋಲು ಕೊಡೋದು ಮರ್ಯಾದೆ ಅಲ್ಲ. ಒಣಗಿದ ಮೇಲೆ ಬನ್ನಿ."

"ಯಾವಾಗ ಒಣಗುತ್ತೆ?"

"ಭಾನುವಾರ ಭಾನುವಾರ ಒದ್ದೆ ಆಗೋ ಕೋಲು ಡಾಕ್ಟ್ರೇ, ಹೇಗೆ ಹೇಳೋದು? ನಮ್ಮ ಸೊಸೆ ನೊಣ ಕೆಡಿಸೋದು ನಿಲ್ಲಿಸಿದ ಮೇಲೆ ನೋಡೋಣ."

ನಾನು ಒಳಗೆ ಹೋಗಿ ಮುಂದಿನ ವಾರಕ್ಕೆ ಉಣ್ಣೆ ಕೆದರಲು ಕುಳಿತೆ.