ಕೆಸರು ವಕೀಲರು

ನ್ಯಾಯಾಲಯದ ನುಣುಪಾದ ಕಲ್ಲುಹಾಸಿನ ಮೇಲೂ ಅವನು ಜೌಗಿನಲ್ಲಿ ನಡೆಯುವವನಂತೆ ಪ್ರತಿ ಹೆಜ್ಜೆಯನ್ನೂ ಎತ್ತಿ, ಒಂದು ಕ್ಷಣ ತಡೆದು, ಆಮೇಲೆ ಊರುತ್ತಿದ್ದ. ನೆಲ ತನ್ನನ್ನು ಹೊರುತ್ತದೆಯೋ ಇಲ್ಲವೋ ಎಂಬ ಅನುಮಾನ ಅವನ ಕಾಲುಗಳಿಗೆ ಅಭ್ಯಾಸವಾಗಿಬಿಟ್ಟಿತ್ತು. ವಾರಕ್ಕೆ ಮೂರು ದಿನವಾದರೂ ಕಪ್ಪು ಬೂಟಿನ ಅಂಚಿನಲ್ಲಿ ಒಣಗಿದ ಮಣ್ಣು ಇರುತ್ತಿದ್ದುದರಿಂದ ವಕೀಲರ ಕೋಣೆಯಲ್ಲಿ ಅವನಿಗೆ 'ಕೆಸರು ವಕೀಲರು' ಎಂಬ ಹೆಸರು ಬಿದ್ದಿತ್ತು. ಇಟ್ಟವನು ನಾನೇ. ಹೀಯಾಳಿಸಲೆಂದು ಇಟ್ಟ ಹೆಸರು ಎರಡೇ ವರ್ಷದಲ್ಲಿ ಬಿರುದಾಗಿ, ಹೊಳೆ ಹೊಲಸಾಯಿತೆಂದೋ ಕಾಡು ಕಡಿದರೆಂದೋ ದೂರದಿಂದ ಬಂದವರು ಬಾಗಿಲಲ್ಲಿ ನಿಂತು, "ಕೆಸರು ವಕೀಲ್ರು ಇಲ್ಲೇ ಸಿಗ್ತಾರಾ?" ಎಂದು ಭಕ್ತಿಯಿಂದ ನನ್ನನ್ನೇ ಕೇಳತೊಡಗಿದಾಗ ನನ್ನ ಹೊಟ್ಟೆ ಉರಿದದ್ದನ್ನು ಮುಚ್ಚಿಡಲಾರೆ.

ಇಬ್ಬರೂ ಒಬ್ಬರೇ ಹಿರಿಯ ವಕೀಲರ ಕೈಕೆಳಗೆ, ಒಂದೇ ಮೇಜಿನ ಎರಡು ತುದಿಗಳಲ್ಲಿ ಕೂತು ಕಸುಬು ಕಲಿತವರು. ಮಾತುಗಾರಿಕೆಯಲ್ಲಿ ನಾನು ಮುಂದು. ಇದನ್ನು ಜಂಬದಿಂದಲ್ಲ, ನೋವಿನಿಂದ ಹೇಳುತ್ತಿದ್ದೇನೆ. ಅವನ ವಾದವೋ, ಸರ್ಕಾರಿ ಸುತ್ತೋಲೆ ಓದಿದ ಹಾಗೆ. ಕೋಟಿನ ಮೊಣಕೈ ಹರಿದಾಗ ಕಪ್ಪು ದಾರ ಸಿಗದೆ ನೀಲಿ ದಾರದಲ್ಲಿ ತಾನೇ ಹೊಲಿದುಕೊಂಡಿದ್ದ; ಅದೇ ಕೋಟು ತೊಟ್ಟು, ಎಲ್ಲರೂ ಓದಿ ಮರೆತಿದ್ದ ವನ್ಯಜೀವಿ ಕಾಯ್ದೆಯ ಒಂದು ಸಣ್ಣ ಉಪವಿಧಿಯನ್ನು ಹಿಡಿದು, ಕಾಡಿನ ನಡುವೆ ಹಾಯಲಿದ್ದ ಹೆದ್ದಾರಿಯನ್ನು ಹನ್ನೆರಡು ಮೈಲಿ ಆಚೆಗೆ ಸರಿಸಿದ. ಆ ಉಪವಿಧಿಯನ್ನು ನಾನೂ ಓದಿದ್ದೆ, ಪರೀಕ್ಷೆಯಲ್ಲಿ ಅದರ ಬಗ್ಗೆ ಬರೆದು ಅವನಿಗಿಂತ ಹೆಚ್ಚು ಅಂಕವನ್ನೂ ಪಡೆದಿದ್ದೆ. ಕಣ್ಣಾರೆ ಕಾಣದ ಜಾಗದ ಬಗ್ಗೆ ತುಟಿ ಬಿಚ್ಚುವುದಿಲ್ಲವೆಂಬುದು ಅವನ ಹಟ. ಏನು ಕೇಳಿದರೂ, "ಇರಿ, ಹೋಗಿ ನೋಡ್ಕೊಂಡ್ ಬಂದು ಹೇಳ್ತೀನಿ." ಹೊರಗೆ ಮಳೆ ಬರುತ್ತಿದೆಯೇ ಎಂದು ಕೇಳಿದರೂ ಕಿಟಕಿಯಲ್ಲಿ ಇಣುಕದೆ, ಮೆಟ್ಟಿಲಿಳಿದು ಹೋಗಿ ನೆನೆದು ಬರುವ ಪೈಕಿ.

ಮನೆಯಲ್ಲಾದರೂ ನೆಮ್ಮದಿಯಿತ್ತೇ? "ನಿಮ್ಮ ಸ್ನೇಹಿತ್ರು ಪೇಪರ್‌ನಲ್ಲಿ ಬಂದಿದಾರೆ, ನೋಡ್ರೀ" ಎಂದು ಹೆಂಡತಿ ಕಾಫಿಯ ಜೊತೆಗೆ ಅವನನ್ನೂ ತಂದಿಡುತ್ತಿದ್ದಳು. ಕಾನೂನು ಓದಿ ಮುಗಿಸಿದ ಮಗಳಿಗೆಂದು ನನ್ನ ಕಚೇರಿಯಲ್ಲಿ ಕಿಟಕಿಯ ಪಕ್ಕದ ಮೇಜನ್ನು ತೆರವು ಮಾಡಿಸಿ, ಹೊಸ ಕುರ್ಚಿ ತರಿಸಿದ್ದೆ. ಅವಳು ಬಂದು, ಕೂರದೆ, ಆ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟುಕೊಂಡೇ, "ಅಪ್ಪಾ, ಬೇಜಾರ್ ಮಾಡ್ಕೋಬೇಡಿ. ನಾನು ಅವ್ರ ಹತ್ರ ಸೇರ್ಕೋತೀನಿ" ಎಂದಳು. ಬೇಜಾರೇನಿಲ್ಲ ಎಂದೆ. ವಕೀಲನಾಗಿ ಎಷ್ಟೋ ಸುಳ್ಳು ಹೇಳಿದ್ದೇನೆ. ಅಷ್ಟು ಕಷ್ಟಪಟ್ಟು ಹೇಳಿದ್ದು ಅದೊಂದನ್ನೇ.

ಆ ಬಳಿಕ ಒಂದೇ ಒಂದು ಸಲ, ಮಗಳ ಕಣ್ಣೆದುರಿಗೆ, ಅವನನ್ನು ಮಣಿಸಬೇಕೆಂಬ ಹುಚ್ಚು ಹಿಡಿಯಿತು. ಊರಂಚಿನ ಜೌಗು ನೆಲಕ್ಕೆ ಮಣ್ಣು ತುಂಬಿಸಿ ಗೋದಾಮು ಕಟ್ಟಲು ಹೊರಟಿದ್ದ ಕಂಪನಿಯ ವಿರುದ್ಧ ಅವನು ತಡೆಯಾಜ್ಞೆ ತಂದಿದ್ದ. ಕಂಪನಿಯ ಪರ ವಕಾಲತ್ತನ್ನು ನಾನು ಕೇಳಿ ಪಡೆದೆ. ಅವನು ಕೂಡಲೇ ನನ್ನ ಮಗಳನ್ನು ಆ ಪ್ರಕರಣದಿಂದ ದೂರವಿಟ್ಟ. ಮನೆಯಲ್ಲಿ ನಾವಿಬ್ಬರೂ ಅದರ ಸುದ್ದಿ ಎತ್ತುತ್ತಿರಲಿಲ್ಲ. ಅವನ ಅರ್ಜಿಯ ಜೀವವೆಲ್ಲ ಒಂದು ಫೋಟೊದಲ್ಲಿತ್ತು: ಜೊಂಡಿನ ನಡುವೆ ಅಪರೂಪದ ನೀರುಹಕ್ಕಿಯ ಗೂಡು, ಅದರಲ್ಲಿ ಮೂರು ಮೊಟ್ಟೆ. ಭೂತಗನ್ನಡಿ ಹಿಡಿದು ನೋಡಿದಾಗ ಮೂಲೆಯಲ್ಲಿ ಅರ್ಧ ವಿದ್ಯುತ್ ಕಂಬ, ಅದರ ಮೇಲೆ ನಲವತ್ತೊಂದು ಎಂಬ ಅಂಕಿ ಕಂಡಿತು. ಆ ಕಂಬ ಇರುವುದು ರಸ್ತೆಯ ಆಚೆಗೆ, ಕಂಪನಿಯ ಜಮೀನಿನ ಹೊರಗೆ! ಇಷ್ಟು ಸಾಕಿತ್ತು, ತಡೆಯಾಜ್ಞೆ ಬಿದ್ದುಹೋಗಿ ಮರುದಿನವೇ ಲಾರಿಗಳು ಜೌಗಿಗೆ ಮಣ್ಣು ಸುರಿಯಬಹುದಿತ್ತು. ಒಂದು ವಾರ ಆ ಅಂಕಿಯನ್ನು ಕಲ್ಲುಸಕ್ಕರೆಯಂತೆ ಬಾಯಲ್ಲಿಟ್ಟುಕೊಂಡು ಓಡಾಡಿದೆ.

ವಿಚಾರಣೆಯ ದಿನ ಮಗಳು ಹಿಂದಿನ ಬೆಂಚಿನಲ್ಲಿ ಬಂದು ಕೂತಿದ್ದಳು. ನಾನೆದ್ದು ಗೌನು ಸರಿಪಡಿಸಿಕೊಳ್ಳುವಷ್ಟರಲ್ಲಿ ಅವನೂ ಎದ್ದ. "ಸ್ವಾಮಿ, ನನ್ನ ಅರ್ಜೀಲಿ ಒಂದು ತಪ್ಪಿದೆ. ಗೂಡಿನ ಫೋಟೊ ಈ ಜಾಗದ್ದಲ್ಲ, ರಸ್ತೆ ಆಚೆಯದು. ಭಾನುವಾರ ಇನ್ನೊಂದ್ಸಲ ಹೋದಾಗ ಗೊತ್ತಾಯ್ತು. ಸರಿಯಾಗಿ ನೋಡ್ದೆ ಸಹಿ ಹಾಕಿದ್ದು ನನ್ನದೇ ತಪ್ಪು. ಅದನ್ನ ವಾಪಸ್ ತಗೋತೀನಿ."

ನ್ಯಾಯಾಧೀಶರು ಕನ್ನಡಕ ತೆಗೆದು ಅವನನ್ನು ನೋಡಿದರು. "ಹಾಗಾದ್ರೆ ಉಳಿದಿದ್ದೇನು?" ಎಂದರು.

"ಹಕ್ಕಿ ಗೂಡು ಕಟ್ಟೋದು ಆ ಕಡೆ, ಮೇಯೋಕೆ ಬರೋದು ಈ ಕಡೆ. ನನ್ನ ಮಾತು ಬೇಡ ಸ್ವಾಮಿ, ತಾವೇ ಯಾರನ್ನಾದ್ರೂ ಕಳ್ಸಿ ನೋಡ್ಸಿ."

ಆಮೇಲೆ ನ್ಯಾಯಾಧೀಶರು ನನ್ನತ್ತ ತಿರುಗಿದರು. ಇಪ್ಪತ್ತೈದು ವರ್ಷಗಳ ವೃತ್ತಿಯಲ್ಲಿ ಮೊದಲ ಬಾರಿಗೆ, "ಹೇಳೋದೇನಿಲ್ಲ ಸ್ವಾಮಿ" ಎಂದು ಕೂತೆ. ತಡೆಯಾಜ್ಞೆ ಮುಂದುವರಿಯಿತು. ತಜ್ಞರ ತಂಡ ಹೋಗಿ ನೋಡಿಬಂದು, ಅವನು ಹೇಳಿದ್ದನ್ನೇ ನಲವತ್ತು ಪುಟಗಳಲ್ಲಿ ಬರೆಯಿತು. ಗೋದಾಮಿಗೆ ಅನುಮತಿ ಸಿಗಲಿಲ್ಲ.

ವಿಚಾರಣೆಯ ದಿನ ಸಂಜೆ ಊಟಕ್ಕೆ ಕೂತಾಗ ತಡೆಯಲಾರದೆ ಮಗಳಿಗೆ ಚುಚ್ಚಿದೆ: "ನಿಮ್ಮ ಸರ್‌ಗೆ ಒಂದು ಫೋಟೊ ನೆಟ್ಟಗೆ ತೆಗೆಯೋಕೆ ಬರಲ್ವಲ್ಲಮ್ಮ."

ಅವಳು ತಟ್ಟೆಯಿಂದ ಕಣ್ಣೆತ್ತಲಿಲ್ಲ. "ಅದು ನಾನು ತೆಗ್ದಿದ್ದಪ್ಪಾ. ನೀವು ಕೇಸ್ ಹಿಡಿಯೋಕೆ ಮುಂಚೆ. ಜಾಗ ತಪ್ಪು ಬರ್ಕೊಟ್ಟಿದ್ದೂ ನಾನೇ. ನನ್ನ ಹೆಸ್ರು ಹೇಳಿ ಅಂದ್ರೆ ಬೈದ್ಬಿಟ್ರು."

ಬೇಜವಾಬ್ದಾರಿ, ಕಣ್ಣಿದ್ದೂ ಕುರುಡು, ನ್ಯಾಯಾಲಯಕ್ಕೆ ಎಸಗಿದ ವಂಚನೆ: ಒಂದು ವಾರ ಮಸೆದಿಟ್ಟ ಮಾತುಗಳಿವು. ತುಂಬಿದ ಸಭೆಯಲ್ಲಿ ಅವನ್ನು ನನ್ನ ಮಗಳ ಮೇಲೆಯೇ ಎಸೆಯಲು ಎದ್ದು ನಿಂತಿದ್ದೆ, ಅವನು ನಡುವೆ ಬಂದಿದ್ದ. ಕೃತಜ್ಞತೆ ಹುಟ್ಟಲಿಲ್ಲವೆಂದರೆ ಸುಳ್ಳಾದೀತು. ಆದರೆ ಅದಕ್ಕಿಂತ ಮುಂಚೆ ಬಂದು ಎದೆಯಲ್ಲಿ ಜಾಗ ಹಿಡಿದದ್ದು ಮತ್ಸರ. ನನ್ನ ಮಗಳನ್ನು ನನ್ನಿಂದಲೇ ಕಾಪಾಡುವ ಕೆಲಸವೂ ಅವನ ಪಾಲಿಗೇ ಬರಬೇಕೇ?

ಇಂಥವರ ನಿಜವಾದ ಕಕ್ಷಿದಾರರು ಕಚೇರಿಗೆ ಬಂದು ಕಾಯುವುದಿಲ್ಲ, ಗೆದ್ದರೆ ಕೈಮುಗಿಯುವುದಿಲ್ಲ, ತಮ್ಮ ಪರವಾಗಿ ಯಾರೋ ನಿಂತಿದ್ದರೆಂಬುದೂ ಅವಕ್ಕೆ ತಿಳಿಯುವುದಿಲ್ಲ. ವರ್ಷಗಟ್ಟಲೆ ಹೀಗೆ ಬಾಯಿಲ್ಲದವುಗಳ ಪರ ಮಾತಾಡಿ ಮಾತಾಡಿ ಇವರಿಗೆ ತಮ್ಮ ಹೆಸರಿನ ಮೇಲಿನ ಆಸೆ ಹೋಗಿಬಿಡುತ್ತದೋ, ಆ ಆಸೆ ಮೊದಲೇ ಇಲ್ಲದವರು ಮಾತ್ರ ಈ ಕೆಲಸಕ್ಕೆ ಬರುತ್ತಾರೋ, ನಾನರಿಯೆ. ಆದರೆ ಇಂಥವರ ಪಕ್ಕದಲ್ಲಿ ಒಂದು ಆಯುಷ್ಯ ಕಳೆದವನ ಸಂಕಟ ನನಗೆ ಚೆನ್ನಾಗಿ ಗೊತ್ತು: ಕಾಡಿಗೆ, ಹೊಳೆಗೆ, ಹಕ್ಕಿಗೆ, ಕೊನೆಗೆ ನಮ್ಮ ಮಕ್ಕಳಿಗೂ ಹಂಚಲು ಇವರ ಬಳಿ ಬೇಕಾದಷ್ಟು ಔದಾರ್ಯವಿರುತ್ತದೆ, ದ್ವೇಷಿಸಲು ಒಂದು ನೆಪವನ್ನು ಮಾತ್ರ ನಮಗೆ ಎಂದಿಗೂ ಕೊಡುವುದಿಲ್ಲ.